ಮರದ ಕುದುರೆಯ ಮೇಲಿನ ಮನುಷ್ಯ

ನನಗೆ ವೆಬ್‌ಸೈಟ್ ಬೇಕಾಗಿದ್ದದ್ದು ಒಂದೇ ಒಂದು ಪಟಕ್ಕಾಗಿ. ಊರಿನವರ ಹತ್ತಿರ ಮಾತ್ರ ಬೇರೆಯೇ ರಾಗ ಎಳೆದಿದ್ದೆ. ಸ್ಟುಡಿಯೋಗೆ ಗಿರಾಕಿಗಳು ಕಡಿಮೆಯಾಗಿದ್ದಾರೆ, ಮದುವೆಯಾಗುವ ಹುಡುಗ ಹುಡುಗಿಯರೆಲ್ಲ ಪಟ ತೆಗೆಸಲು ಸೇತುವೆ ದಾಟಿ ಹೋಗುತ್ತಿದ್ದಾರೆ, ಇನ್ನಾದರೂ ಕಾಲಕ್ಕೆ ತಕ್ಕ ಹಾಗೆ ನಡೆಯಬೇಕು ಎಂದೆಲ್ಲ ಹೇಳಿಕೊಂಡು ಬಂದೆ. ಅದೂ ಸುಳ್ಳಲ್ಲ. ಆದರೆ ನಮ್ಮ ದರ್ಪಣ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ, ಬಾಗಿಲಿನಿಂದ ಒಳಗೆ ಬಂದರೆ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ, ನನ್ನ ತಮ್ಮ ಗೋಪಿಯ ಪಟವಿತ್ತು. ನಲವತ್ತಾರು ವರ್ಷದ ಗಂಡಸು. ಕನ್ನಡಕ, ತಕ್ಕಮಟ್ಟಿನ ಮೀಸೆ, ಕಿವಿಯ ಹತ್ತಿರ ನರೆತ ಕೂದಲು. ಆನೆಯ ಚಿತ್ರವಿರುವ ಅಂಗಿ, ನೀಲಿ ಚಡ್ಡಿ ಹಾಕಿಕೊಂಡು ಮರದ ಕುದುರೆಯ ಮೇಲೆ ಕೂತು ಹಲ್ಲು ಬಿಟ್ಟು ನಗುತ್ತಿದ್ದ. ಆ ಪಟ ತೆಗೆದ ದಿನ ಅವನಿಗೆ ಐದು ವರ್ಷ ತುಂಬಿತ್ತು. ಅದಾದ ಮೂರು ತಿಂಗಳಿಗೆ ಕಳೆದುಹೋದ. ಅವನನ್ನು ಹುಡುಕಬೇಕಿತ್ತು, ಅದಕ್ಕೇ ವೆಬ್‌ಸೈಟ್.

ನಮ್ಮೂರಿನಲ್ಲಿ ತೆಗೆದ ಪಟಕ್ಕೆ ಮನುಷ್ಯನ ಜೊತೆಯಲ್ಲೇ ವಯಸ್ಸಾಗುತ್ತದೆ. ಬಟ್ಟೆ ಬದಲಾಗುವುದಿಲ್ಲ, ಮೈ ಬೆಳೆದ ಹಾಗೆ ಅದೂ ಅಗಲವಾಗುತ್ತದೆ ಅಷ್ಟೆ. ಕೂತ ಭಂಗಿ ಬದಲಾಗುವುದಿಲ್ಲ. ನಗುತ್ತಿದ್ದವರ ನಗು ಹೋಗುವುದಿಲ್ಲ. ಉಳಿದಂತೆ ಮುಖ ಇವತ್ತಿನದೇ, ಗಡ್ಡ ಇವತ್ತಿನದೇ, ಹಣೆಯ ಕುಂಕುಮವೂ ಇವತ್ತಿನದೇ. ಗಡಿಯಾರದ ಗಂಟೆ ಮುಳ್ಳಿನ ಹಾಗೆ, ಸರಿಯುವುದು ಕಾಣಿಸುವುದಿಲ್ಲ, ಸರಿದಿರುವುದು ಕಾಣಿಸುತ್ತದೆ. ಮುಖದಲ್ಲಿ ಆದದ್ದು ಪಟಕ್ಕೆ ಬರಲು ಕಾಲು ಗಂಟೆ ಬೇಕು. ಮಗಳನ್ನು ದೂರದ ಊರಿಗೆ ಕೊಟ್ಟ ತಾಯಂದಿರು ಬೆಳಗ್ಗೆ ಪಟ ನೋಡಿಯೇ ಫೋನ್ ಮಾಡುವುದು. "ಊಟ ಮಾಡಿದೆ ಅಂತ ಸುಳ್ಳು ಹೇಳ್ಬೇಡ ಕಣೇ, ಕೆನ್ನೆ ಇಳಿದುಹೋಗಿದೆ" ಎಂದು ಬೈಯುತ್ತಾರೆ. ಪಕ್ಕದ ಕ್ಷೌರದಂಗಡಿಯ ಕೆಂಪರಾಜು ಪ್ರತಿ ಸೋಮವಾರ ನನ್ನ ಗಾಜಿನ ಕಪಾಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಯಾರು ತನ್ನನ್ನು ಬಿಟ್ಟು ಬೇರೆಯವನ ಹತ್ತಿರ ಕಟಿಂಗ್ ಮಾಡಿಸಿಕೊಂಡಿದ್ದಾರೆ ಎಂದು ತಪಾಸಣೆ ಮಾಡುತ್ತಾನೆ. ಯಾರಾದರೂ ಸತ್ತರೆ ನಾವು ಸತ್ತರು ಎನ್ನುವುದಿಲ್ಲ, ಪಟ ನಿಂತಿತು ಎನ್ನುತ್ತೇವೆ. ಊರಿನ ಗಡಿಯ ಕಮಾನು ಸೇತುವೆ ದಾಟಿಸಿದರೆ ಮಾತ್ರ ಪಟ ತೆಗೆದ ದಿನ ಹೇಗಿತ್ತೋ ಹಾಗಾಗಿಬಿಡುತ್ತದೆ. ವಾಪಸ್ ತಂದರೆ ಮತ್ತೆ ಇವತ್ತಿನ ಮುಖ. ಈಗಿನ ಮದುವೆ ಹೆಣ್ಣುಗಳಿಗೆ ಇದೇ ತಲೆನೋವು. ಆಲ್ಬಂ ತೆಗೆದರೆ ತಾವು ಯಾವಾಗಲೂ ಇಪ್ಪತ್ತೈದರಲ್ಲೇ ಇರಬೇಕಂತೆ. ಅದಕ್ಕೇ ಸೇತುವೆಯಾಚೆಯ ಸ್ಟುಡಿಯೋಗಳಿಗೆ ಓಡುತ್ತಾರೆ.

ಗೋಪಿ ಕಳೆದುಹೋದದ್ದೂ ಸೇತುವೆಯಾಚೆಯ ಒಂದು ಸ್ಟುಡಿಯೋದ ಮುಂದೆಯೇ. ನನಗಾಗ ಹತ್ತು ವರ್ಷ. ಅಮ್ಮ ನಮ್ಮಿಬ್ಬರನ್ನೂ ಅತ್ತೆಯ ಮನೆಗೆ ಕರೆದುಕೊಂಡು ಹೊರಟಿದ್ದಳು. ನಡುವೆ ಒಂದು ದೊಡ್ಡ ಬಸ್ ನಿಲ್ದಾಣದಲ್ಲಿ ಬಸ್ ಬದಲಾಯಿಸಬೇಕು. "ಚಂದ್ರಾ, ತಮ್ಮನ ಕೈ ಬಿಡ್ಬೇಡ" ಎಂದು ಹೇಳಿ ಅಮ್ಮ ಬಸ್ ವಿಚಾರಿಸಲು ಹೋದಳು. ನಿಲ್ದಾಣದ ಪಕ್ಕದಲ್ಲೇ ಒಂದು ಸ್ಟುಡಿಯೋ, ಅದರ ಗಾಜಿನ ಕಪಾಟಿನಲ್ಲಿ ಒಬ್ಬಳು ಮದುಮಗಳ ಪಟ, ಪಟದ ಕೆಳಗೆ ಇಸವಿ. ಲೆಕ್ಕ ಹಾಕಿದೆ. ಹನ್ನೆರಡು ವರ್ಷ ಹಿಂದಿನದು. ಹನ್ನೆರಡು ವರ್ಷದ ಹಿಂದಿನ ಮದುಮಗಳ ಮುಖದಲ್ಲಿ ಒಂದು ಗೆರೆಯೂ ಇಲ್ಲ. ನಾನು ಫೋಟೋಗ್ರಾಫರ್ ಮಗಳು, ಆದರೆ ಬೇರೆ ಊರಿನ ಪಟವನ್ನು ಅದುವರೆಗೆ ನೋಡಿರಲಿಲ್ಲ. ಈಗ ಬದಲಾಗುತ್ತದೆ, ಇನ್ನೇನು ಬದಲಾಗುತ್ತದೆ ಎಂದು ಕಾಯುತ್ತಾ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತುಬಿಟ್ಟೆ. ಗೋಪಿ ಲಂಗ ಜಗ್ಗಿ "ಅಕ್ಕಾ, ಬದಲಾಯ್ತಾ?" ಎಂದ. ನಾನು "ತಡಿಯೋ" ಎಂದೆ. ಇನ್ನೊಮ್ಮೆ "ಬದಲಾಯ್ತಾ?" ಎಂದ. "ತಡಿ ಅಂದ್ನಲ್ಲ." ಮೂರನೆಯ ಸಲ ಅವನು ಕೇಳಲೇ ಇಲ್ಲ. ತಿರುಗಿ ನೋಡಿದರೆ ಅವನಿರಲಿಲ್ಲ.

ಪೊಲೀಸರಿಗೆ ಕೊಟ್ಟ ಪಟ ಸೇತುವೆ ದಾಟುತ್ತಿದ್ದ ಹಾಗೆ ಐದು ವರ್ಷದ ಹುಡುಗನಾಗುತ್ತಿತ್ತು. ಮೊದಲ ವರ್ಷ ಅದು ಸರಿಯೇ. ಹತ್ತು ವರ್ಷವಾದ ಮೇಲೆ, ಇಪ್ಪತ್ತು ವರ್ಷವಾದ ಮೇಲೆ ಆ ಪಟದಿಂದ ಯಾರನ್ನು ಹುಡುಕುವುದು? ಒಬ್ಬ ಚಿತ್ರಕಾರನನ್ನು ಊರಿಗೇ ಕರೆಸಿ ಅವನ ಆಗಿನ ಮುಖವನ್ನು ಬರೆಸಿದೆವು. ಆ ಚಿತ್ರದ ಹಾಗೆ ಕಾಣುವವರು ಎಂದು ಮೂರು ಜನ ಸಿಕ್ಕಿದರು. ಮೂವರೂ ಬೇರೆಯವರು. ಮೂರು ಸಲವೂ ಅಮ್ಮ ಹೊಸ ಸೀರೆ ಉಟ್ಟುಕೊಂಡು ಹೋಗಿ, ಅದೇ ಸೀರೆಯಲ್ಲಿ ಬಸ್ಸಿನಲ್ಲಿ ಅತ್ತುಕೊಂಡು ಬಂದಳು.

ಹಾಗಂತ ಅವನು ನಮ್ಮ ಮನೆಯಲ್ಲಿ ಇರಲೇ ಇಲ್ಲ ಎನ್ನುವ ಹಾಗೂ ಇರಲಿಲ್ಲ. ಹಾಲುಹಲ್ಲು ಬಿದ್ದದ್ದನ್ನು ನೋಡಿದೆವು, ಹೊಸ ಹಲ್ಲು ಬಂದದ್ದನ್ನು ನೋಡಿದೆವು. ಮೀಸೆ ಮೂಡಿದ ವರ್ಷ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ಇಪ್ಪತ್ತನೆಯ ವಯಸ್ಸಿನಿಂದ ಒಂದು ವಿಚಿತ್ರ ಶುರುವಾಯಿತು. ದಿನಾ ಹತ್ತು ಗಂಟೆಯ ಮೇಲೆ ಅವನ ಮೀಸೆ, ಹುಬ್ಬು, ಕನ್ನಡಕದ ಮೇಲೆಲ್ಲ ಬಿಳಿ ಪುಡಿ ಕೂರುತ್ತಿತ್ತು. ಭಾನುವಾರ ಮಾತ್ರ ಇಲ್ಲ. ಹಿಟ್ಟಿನ ಗಿರಣಿ ಇಟ್ಟಿದ್ದಾನೆ ಎಂದು ಅಮ್ಮ. ಮೇಷ್ಟ್ರಾಗಿದ್ದಾನೆ, ಅದು ಸೀಮೆಸುಣ್ಣ ಎಂದು ಅಪ್ಪ. ಸುಣ್ಣದ ಗೂಡು ಎಂದು ಕೆಂಪರಾಜು. ಈ ವಾದ ಮುಗಿಯುವ ಮೊದಲೇ ಅಪ್ಪನ ಪಟ ನಿಂತಿತು, ಆಮೇಲೆ ಅಮ್ಮನದು. ಗೋಡೆಯ ಮುಂದೆ ನಾನೊಬ್ಬಳೇ ಉಳಿದೆ. ನನ್ನ ಪಟವನ್ನು ಮಾತ್ರ ಎಂದೂ ತೆಗೆಸಿಕೊಳ್ಳಲಿಲ್ಲ. ಯಾವ ಮುಖ ಹೊತ್ತುಕೊಂಡು ಅವನ ಪಕ್ಕದಲ್ಲಿ ತೂಗುಹಾಕಿಕೊಳ್ಳಲಿ?

ಹೋದ ವರ್ಷ ಅವನ ಕಣ್ಣು ಹಳದಿಯಾಯಿತು. ಮೊದಲು ಕಣ್ಣು, ನಾಲ್ಕು ದಿನಕ್ಕೆ ಮುಖವೆಲ್ಲ ಅರಿಶಿನ. ಕಾಮಾಲೆ. ಬಿಳಿ ಪುಡಿ ಬೀಳುವುದು ನಿಂತುಹೋಯಿತು, ಕೆನ್ನೆ ಒಳಗೆ ಹೋಯಿತು, ಆನೆ ಅಂಗಿ ಹೆಗಲಿನಿಂದ ಜಾರುವ ಹಾಗಾಯಿತು. ಇಷ್ಟಾದರೂ ಆ ಹಾಳು ನಗು ಮಾತ್ರ ಹಾಗೇ ಇತ್ತು. ಒಂದೂವರೆ ತಿಂಗಳು ನಾನು ಬೆಳಗ್ಗೆ ಎದ್ದು ಮುಖ ತೊಳೆಯದೆ ಮೊದಲು ಆ ಕೋಣೆಗೆ ಓಡಿದೆ. ಗಡ್ಡ ನಿನ್ನೆಗಿಂತ ಬೆಳೆದಿದೆಯೇ ನೋಡುವುದು, ಬೆಳೆದಿದ್ದರೆ ಉಸಿರು ಬಿಡುವುದು. ಒಂದು ಲೋಟ ಗಂಜಿ ಕೊಡುವುದಕ್ಕೂ ಆಗಲಿಲ್ಲವಲ್ಲ ಎಂದು ಹೊಟ್ಟೆ ಉರಿದುಹೋಯಿತು. ಅವನು ಚೇತರಿಸಿಕೊಂಡು ಮತ್ತೆ ಮೀಸೆಗೆ ಬಿಳಿ ಪುಡಿ ಕೂತ ದಿನವೇ ನಿರ್ಧಾರ ಮಾಡಿದೆ. ಒಬ್ಬೊಬ್ಬರನ್ನೇ ಕೇಳಿಕೊಂಡು ಹೋದರೆ ಆಗುವ ಕೆಲಸವಲ್ಲ ಇದು, ಜಗತ್ತಿಗೇ ತೋರಿಸಬೇಕು. ವೆಬ್‌ಸೈಟ್ ಮಾಡುವವರು ಬೇಕು ಎಂದು ಸೇತುವೆಯಾಚೆಯ ಪತ್ರಿಕೆಗೆ ಜಾಹೀರಾತು ಕೊಟ್ಟೆ.

ಮೂರು ಜನ ಬಂದರು. ಅವರ ಓದು, ಅನುಭವ, ಹಿಂದೆ ಮಾಡಿದ ಕೆಲಸ, ಯಾವುದನ್ನೂ ನಾನು ಕೇಳಲಿಲ್ಲ. ಕೇಳಿದರೂ ನನಗೆ ಅರ್ಥವಾಗುತ್ತಿರಲಿಲ್ಲ. ಗೋಪಿಯ ಪಟದ ಮುಂದೆ ನಿಲ್ಲಿಸಿ "ಇದನ್ನ ಏನು ಮಾಡ್ತೀರಿ?" ಎಂದು ಕೇಳಿದೆ. ಮೊದಲನೆಯವನು "ಮೇಡಂ, ಕುದುರೆ ಚೆನ್ನಾಗಿದೆ, ಆ ಮನುಷ್ಯನ್ನ ತೆಗೆದುಬಿಡ್ಬಹುದು" ಎಂದ. ಅವನನ್ನೇ ತೆಗೆದುಬಿಟ್ಟೆ. ಎರಡನೆಯವನು ನರೆಗೂದಲನ್ನು ಕಪ್ಪು ಮಾಡಿ ಚಡ್ಡಿಯನ್ನು ಪ್ಯಾಂಟ್ ಮಾಡಿಕೊಡುತ್ತೇನೆ ಎಂದ. ಟೀ ಕೊಟ್ಟು ಕಳಿಸಿದೆ. ಮೂರನೆಯವಳು ಉತ್ತರದ ಕಡೆಯವಳು, ಶಿವಲೀಲಾ ಎಂದು ಹೆಸರು. ಮೂವತ್ತರ ಆಸುಪಾಸು, ಬೆನ್ನಿಗೆ ತನ್ನಷ್ಟೇ ದೊಡ್ಡ ಚೀಲ. ಪಟದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇಷ್ಟ ದೊಡ್ಡ ಮನುಷ್ಯಾ ಇಷ್ಟ ಸಣ್ಣ ಕುದುರಿ ಮ್ಯಾಲ ಕುಂತಾನ. ಆದ್ರೂ ನೋಡಿದ್ರ ನಗಬೇಕು ಅನಸಂಗಿಲ್ಲ ನೋಡ್ರಿ. ಯಾರ್ರೀ ಅಕ್ಕಾರ ಇವ್ರು?"

ಕೆಲಸ ಅವಳಿಗೇ ಎಂದು ಆ ಕ್ಷಣವೇ ಗೊತ್ತಾಯಿತು. ಎಲ್ಲವನ್ನೂ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ. ಅವಳು ಚೀಲವನ್ನು ಕೆಳಗಿಟ್ಟು, ಮಹಡಿಯ ಕೋಣೆಯಲ್ಲಿ ಮೂರು ವಾರ ಉಳಿಯುತ್ತೇನೆ, ಜೋಳದ ರೊಟ್ಟಿ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಚಹಾ ಮಾತ್ರ ಗಟ್ಟಿ ಇರಬೇಕು ಎಂದಳು.

ಮೂರು ವಾರದಲ್ಲಿ ನಾವು ಹದಿನೈದು ಸಲ ಜಗಳವಾಡಿದ್ದೇವೆ. ಅವಳಿಗೆ ಎಲ್ಲದರಲ್ಲೂ ಖಾಲಿ ಜಾಗ ಬೇಕು, ನನಗೆ ಖಾಲಿ ಜಾಗ ಕಂಡರೆ ಅಲ್ಲೊಂದು ಹೂವಿನ ಬಳ್ಳಿ ಹಾಕಬೇಕು ಅನ್ನಿಸುತ್ತದೆ. ಅವಳಿಗೆ ಅಕ್ಷರ ಸಣ್ಣದಿರಬೇಕು, ನನಗೆ ಬೋರ್ಡಿನ ಹಾಗೆ ಎದ್ದು ಕಾಣಬೇಕು. 'ನಮ್ಮ ಬಗ್ಗೆ' ಎಂಬ ಪುಟಕ್ಕೆ ನನ್ನ ಪಟ ಬೇಕು ಎಂದು ದಿನಾ ಪೀಡಿಸುತ್ತಿದ್ದಳು. "ಅಂಗಡಿ ಯಾರದಂತ ಗೊತ್ತಾಗಬ್ಯಾಡೇನ್ರಿ? ಮಾರಿ ತೋರಸಲಾರದ ಫೋಟೋಗ್ರಾಫರ್ ಮ್ಯಾಲ ಯಾರ ವಿಶ್ವಾಸ ಇಡ್ತಾರ?" ಎಂದು ಕೇಳಿದರೆ ನಾನು ಬೇರೆ ಕಡೆ ತಿರುಗಿಬಿಡುತ್ತಿದ್ದೆ. ಆ ಪುಟದಲ್ಲಿ ಸ್ಟುಡಿಯೋದ ಬಾಗಿಲಿನ ಪಟ ಹಾಕಿ ಸುಮ್ಮನಾದಳು. ಕೊನೆಗೆ ಪಟಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಅಲ್ಲಿಂದ ಎಲ್ಲೋ ದೂರದೂರಿನ ದೊಡ್ಡ ಕಂಪ್ಯೂಟರಿಗೆ ಕಳಿಸಿ, ಶುಕ್ರವಾರ ಹತ್ತು ಗಂಟೆಗೆ ಉದ್ಘಾಟನೆ ಎಂದು ಸಾರಿದಳು.

ಅರ್ಧ ಊರು ಸ್ಟುಡಿಯೋದಲ್ಲಿತ್ತು. ಕೆಂಪರಾಜು ಒಂದು ಹಾರ ತಂದು, ಯಾರಿಗೆ ಹಾಕುವುದೆಂದು ತಿಳಿಯದೆ ಕಂಪ್ಯೂಟರಿಗೇ ಹಾಕಿದ. ಶಿವಲೀಲಾ ಗುಂಡಿ ಒತ್ತಿದಳು. ಪುಟ ಬಿಚ್ಚಿಕೊಂಡಿತು. ಕೇಕೆ ಶುರುವಾಯಿತು. ಕೆಂಪರಾಜುವಿನ ತಲೆ ತುಂಬ ಕೂದಲು. ಹಾಲಿನ ಸಾವಂತ್ರಮ್ಮ ಹದಿನಾರರ ಹುಡುಗಿ. ಎಲ್ಲರೂ ಪಟ ತೆಗೆದ ದಿನದ ಹಾಗೆ ಆಗಿಬಿಟ್ಟಿದ್ದರು. "ಅಯ್ಯೋ, ನಾನು ನೋಡ್ರೇ! ಹೆಂಗಿದ್ದೆ!" ಎಂದು ಸಾವಂತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಊರಿಗೆಲ್ಲ ಹಬ್ಬ. ನಾನು ಮಾತ್ರ ಪುಟದ ನಡುವಿನ ಪಟ ನೋಡುತ್ತಿದ್ದೆ. ಮುಂದಿನ ಹಲ್ಲೊಂದು ಅಲ್ಲಾಡುತ್ತಿದ್ದ ಐದು ವರ್ಷದ ಗೋಪಿ. ಆ ಮುಖವನ್ನು ನಲವತ್ತೊಂದು ವರ್ಷದಿಂದ ನೋಡಿರಲಿಲ್ಲ. ಹಾಗೆಯೇ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳಬೇಕು ಅನ್ನಿಸಿತು. ಈ ಮುಖವನ್ನು ಇಟ್ಟುಕೊಂಡು ಯಾರೂ ಯಾರನ್ನೂ ಹುಡುಕಲಾರರು ಎಂದು ಆಮೇಲೆ ಹೊಳೆಯಿತು. ಪಟ ಸೇತುವೆ ದಾಟಿತ್ತು. ತಂತಿಯಲ್ಲಿ ದಾಟಿದರೂ ದಾಟಿದ್ದು ದಾಟಿದ್ದೇ, ನಾವು ಇಲ್ಲಿ ಕೂತು ನೋಡಿದರೂ ಅದು ಇದ್ದದ್ದು ಆ ದೂರದ ಕಂಪ್ಯೂಟರಿನಲ್ಲಿ. ನಮ್ಮೂರಿನ ಕೂಸಿಗೂ ಗೊತ್ತಿರುವ ಮಾತು ನನ್ನ ತಲೆಗೇ ಹೊಳೆದಿರಲಿಲ್ಲ.

ಜನ ಹೋದ ಮೇಲೆ ಸಿಟ್ಟನ್ನೆಲ್ಲ ಶಿವಲೀಲಾಳ ಮೇಲೆ ಹಾಕಿದೆ. "ನಿನ್ನ ವೆಬ್‌ಸೈಟೂ ಬೇಡ, ನಿನ್ನ ಖಾಲಿ ಜಾಗವೂ ಬೇಡ, ಚೀಲ ಕಟ್ಟು" ಎಂದೆ. ತಪ್ಪು ನನ್ನದೆಂದು ಗೊತ್ತಿದ್ದರಿಂದ ದನಿ ಇನ್ನೂ ಜೋರಾಗಿತ್ತು. ಅವಳು ಚೀಲ ಕಟ್ಟಿದಳು. ಅಷ್ಟರಲ್ಲಿ ಅವಳ ತಾಯಿಯ ವಿಡಿಯೋ ಕರೆ ಬಂತು. ಉದ್ಘಾಟನೆ ಹೇಗಾಯಿತೆಂದು ಕೇಳಲು ಕಾದು ಕೂತಿದ್ದ ಹೆಂಗಸು. ಶಿವಲೀಲಾ ಗೋಡೆಗೆ ಬೆನ್ನು ಮಾಡಿ ನಿಂತು, ಅಳು ನುಂಗಿಕೊಂಡು ಏನೋ ಹೇಳುತ್ತಿದ್ದಳು. ಆ ಕಡೆಯಿಂದ ಗಟ್ಟಿ ದನಿ ಕೇಳಿಸಿತು.

"ಅದೆಲ್ಲಾ ಇರಲಿ, ನಿನ್ನ ಹಿಂದ ಗ್ವಾಡಿ ಮ್ಯಾಲ ಯಾರವ್ವಾ ಅಂವಾ? ಚಸ್ಮಾ ಹಾಕ್ಕೊಂಡು, ಚಡ್ಡಿ ಹಾಕ್ಕೊಂಡು, ಕುದುರಿ ಮ್ಯಾಲ ಕುಂತಾನಲ್ಲಾ?"

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಶಿವಲೀಲಾ ಫೋನನ್ನು ಪಟದ ಹತ್ತಿರ ಹಿಡಿದಳು. "ಯವ್ವಾ, ಸರಿ ನೋಡ. ಸಣ್ಣ ಹುಡುಗೋ, ದೊಡ್ಡಾಂವೋ?"

"ನನಗೇನ ಕಣ್ಣ ಹೋಗ್ಯಾವೇನ? ಮೀಸಿ ಐತಿ, ಮೀಸಿ ಮ್ಯಾಲ ಹಿಟ್ಟ ಕುಂತೈತಿ."

ಪಟ ಊರು ಬಿಟ್ಟು ಹೋಗಬಾರದು, ನೋಡುವವರೇ ಊರಿನೊಳಕ್ಕೆ ಇಣುಕಬೇಕು. ಇಷ್ಟೇ ಇದ್ದದ್ದು. ಶಿವಲೀಲಾಳ ಚೀಲವನ್ನು ನಾನೇ ಬಿಚ್ಚಿದೆ. ಗಟ್ಟಿ ಚಹಾ ಮಾಡಿ, ಕ್ಷಮೆ ಕೇಳುವುದು ನನಗೆ ಬರುವುದಿಲ್ಲವಾದ್ದರಿಂದ, ಎರಡು ಲೋಟ ಕುಡಿಸಿದೆ.

ಮೂರು ವಾರ ಕೂತು ಮಾಡಿದ ಪುಟಗಳನ್ನೆಲ್ಲ ಅವಳು ಒಂದೇ ಸಲಕ್ಕೆ ಅಳಿಸಿ ಹಾಕಿದಳು. ಅಪ್ಪನ ಕಾಲದ ಮರದ ಸ್ಟ್ಯಾಂಡಿನ ಮೇಲೆ ಒಂದು ಕ್ಯಾಮೆರಾ ಕೂರಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ವೆಬ್‌ಸೈಟ್ ತೆರೆದರೆ ನಮ್ಮ ಗೋಡೆ, ಆ ಹೊತ್ತಿನ ಗೋಡೆ, ಅಷ್ಟೆ. ಅವಳು ಕಲಿತ ವಿದ್ಯೆಯನ್ನೆಲ್ಲ ಆ ಗೋಡೆಯ ಮೇಲೆ ತೀರಿಸಿಕೊಂಡಳು. ಪಟಗಳನ್ನೆಲ್ಲ ಇಳಿಸಿ, ಗೋಡೆಗೆ ತಿಳಿ ನೀಲಿ ಬಣ್ಣ ಹೊಡೆಸಿ, ದಾರ ಹಿಡಿದು ಅಳೆದು ಒಂದೊಂದನ್ನೇ ಮತ್ತೆ ತೂಗುಹಾಕಿದಳು. ನಲವತ್ತು ಪಟಗಳ ನಡುವೆ ಗೋಪಿ. ಅವನ ಸುತ್ತ ಮಾತ್ರ ಖಾಲಿ ಜಾಗ. ಹೂವಿನ ಬಳ್ಳಿಯ ಮಾತು ನಾನು ಎತ್ತಲಿಲ್ಲ, ಯಾಕೆಂದರೆ ಆ ಖಾಲಿ ಜಾಗದಿಂದಾಗಿ ಎಲ್ಲಿ ನಿಂತು ನೋಡಿದರೂ ಕಣ್ಣು ಅವನ ಹತ್ತಿರವೇ ಹೋಗುತ್ತಿತ್ತು. "ಡಿಸೈನ್ ಅಂದ್ರ ಡಿಸೈನ್ರೀ ಅಕ್ಕಾರ. ಸ್ಕ್ರೀನ್ ಆದ್ರೇನು, ಗ್ವಾಡಿ ಆದ್ರೇನು" ಎಂದಳು. ಅವನ ಪಟದ ಕೆಳಗೆ ಒಂದು ಚೀಟಿ ಬರೆದು ಅಂಟಿಸಿದೆವು: ಇವನು ಗೋಪಿ. ಐದನೆಯ ವರ್ಷದಲ್ಲಿ ಕಳೆದುಹೋದ. ಇವತ್ತು ಹೀಗಿದ್ದಾನೆ. ನೀವೇನಾದರೂ ನೋಡಿದ್ದೀರಾ?

ಊರಿನವರು ತಕರಾರು ತೆಗೆದರು. ಹಾಸಿಗೆಯಿಂದ ಎದ್ದ ಮುಖವನ್ನು ಜಗತ್ತೆಲ್ಲ ನೋಡುತ್ತದೆ ಎಂದು ಸಾವಂತ್ರಮ್ಮ ಪಟ ವಾಪಸ್ ಕೇಳಲು ಬಂದಳು. ಅವಳ ಹಿಂದೆ ಇನ್ನೂ ಹತ್ತು ಜನ. ಕೊನೆಗೆ ಒಂದು ಒಪ್ಪಂದವಾಯಿತು. ಗೋಡೆಗೆ ಪರದೆ ಕಟ್ಟುವುದು, ಬೆಳಗ್ಗೆ ಒಂಬತ್ತಕ್ಕೆ ಎಲ್ಲರ ಸ್ನಾನವಾದ ಮೇಲೆ ಸರಿಸುವುದು, ಸಂಜೆ ಆರಕ್ಕೆ ಎಳೆಯುವುದು. ಅಲ್ಲಿಂದ ಮುಂದೆ ಊರಿನಲ್ಲಿ ಎಂಟೂವರೆಗೆಲ್ಲ ಬಚ್ಚಲುಮನೆಗಳಲ್ಲಿ ಗಲಾಟೆ. ಗಡ್ಡ ಬಿಟ್ಟು ಓಡಾಡುತ್ತಿದ್ದ ಗಂಡಸರೆಲ್ಲ ದಿನಾ ಗಡ್ಡ ಹೆರೆಸಿಕೊಳ್ಳತೊಡಗಿದರು. ಕೆಂಪರಾಜು ಎರಡನೆಯ ಕುರ್ಚಿ ತರಿಸಿದ.

ಗಿರಾಕಿಗಳೂ ಬಂದರು, ಅದೂ ನಾನು ನೆನೆಸದ ಕಡೆಯಿಂದ. ದೂರದೂರುಗಳಲ್ಲಿ ಇರುವವರು ತಮ್ಮ ತಾಯಿಯನ್ನೋ ಅಜ್ಜನನ್ನೋ ಕರೆದುಕೊಂಡು ಬಂದು ನಮ್ಮಲ್ಲಿ ಪಟ ತೆಗೆಸಿ, ಗೋಡೆಗೆ ಹಾಕಿಸಿ ಹೋಗತೊಡಗಿದರು. ಎಲ್ಲೇ ಇದ್ದರೂ ಒಂಬತ್ತು ಗಂಟೆಗೆ ತೆರೆದು ನೋಡಬಹುದಲ್ಲ. ಒಂದು ಗೋಡೆ ತುಂಬಿ ಎರಡನೆಯ ಗೋಡೆಗೂ ನೀಲಿ ಬಣ್ಣ ಹೊಡೆಸಿದೆವು. ಮೊದಲ ಮದುವೆ ಬುಕಿಂಗ್ ಬಂದಾಗ ಆ ಹುಡುಗಿಯನ್ನು ಕೇಳಿಯೇ ಬಿಟ್ಟೆ, "ವಯಸ್ಸಾಗುತ್ತಲ್ಲಮ್ಮ, ಪರವಾಗಿಲ್ವಾ?" ಎಂದು. "ನನಗಾಗೋದಾದ್ರೆ ಅದಕ್ಕೂ ಆಗ್ಲಿ ಬಿಡಿ" ಎಂದಳು. ಆ ಹುಡುಗಿಗೆ ಎರಡು ಪಟ ಹೆಚ್ಚಿಗೆ ತೆಗೆದುಕೊಟ್ಟೆ.

ಗೋಪಿಯ ಬಗ್ಗೆ ಬಂದದ್ದೆಲ್ಲ ತಮಾಷೆಯೇ. ಈ ಅಂಕಲ್‌ಗೆ ಚಡ್ಡಿ ಹಾಕಿಸಿದ್ದು ಯಾರು, ಕುದುರೆಯ ಬೆನ್ನು ಮುರಿಯಲಿಲ್ಲವೇ, ಇಂಥವು. ನಾನು ಒಬ್ಬೊಬ್ಬರಿಗೂ ಉರಿದು ಬಿದ್ದು ಉತ್ತರ ಬರೆಯುತ್ತಿದ್ದೆ. ಶಿವಲೀಲಾ ನನ್ನ ಕೈಯಿಂದ ಕೀಬೋರ್ಡ್ ಕಿತ್ತುಕೊಂಡಳು. "ನಗಲಿ ಬಿಡ್ರಿ ಅಕ್ಕಾರ. ನಕ್ಕವ್ರು ಇನ್ನೊಬ್ರಿಗೆ ತೋರಸ್ತಾರ" ಎಂದಳು. ಮೂರು ವಾರಕ್ಕೆ ಎಂದು ಬಂದವಳು ನಾಲ್ಕನೆಯ ತಿಂಗಳೂ ಮಹಡಿಯಲ್ಲೇ ಇದ್ದಳು. ಹೋಗು ಎಂದು ನಾನು ಹೇಳಲಿಲ್ಲ, ಹೋಗುತ್ತೇನೆ ಎಂದು ಅವಳೂ ಹೇಳಲಿಲ್ಲ.

ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಅವಳು ಮಹಡಿಯಿಂದ ಮೂರು ಮೆಟ್ಟಿಲು ಹಾರಿಕೊಂಡು ಇಳಿದಳು. ಯಾರೋ ನಸೀಮಾ ಎನ್ನುವವರು ಬರೆದಿದ್ದರು. ಬಸ್ ಕಂಡಕ್ಟರ್ ಅಂತೆ, ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದಾರಂತೆ. ತಂಗಿಯ ಮಗಳ ಮದುವೆಗೆ ಫೋಟೋಗ್ರಾಫರ್ ಹುಡುಕುತ್ತಾ ನಮ್ಮ ಗೋಡೆಗೆ ಬಂದರಂತೆ. "ನಿಮ್ಮ ಗೋಡೆ ಮೇಲೆ ನಮ್ಮ ಸಿಮೆಂಟ್ ಪಟ್ಟಿ ಸಾಹೇಬರು ಯಾಕೆ ಚಡ್ಡಿ ಹಾಕಿಕೊಂಡು ಕೂತಿದ್ದಾರೆ? ನನ್ನ ಕಾಲಿಗೆ ಪಟ್ಟಿ ಹಾಕಿದ್ದು ಇವರೇ. ಮೂಳೆ ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಾರೆ."

ಗಿರಣಿಯಲ್ಲ, ಸೀಮೆಸುಣ್ಣವಲ್ಲ, ಸುಣ್ಣದ ಗೂಡೂ ಅಲ್ಲ. ಮುರಿದ ಮೂಳೆಗೆ ಹಾಕುವ ಪಟ್ಟಿಯ ಬಿಳಿ ಪುಡಿ. ಆದರೆ ಮೂರು ಸಲ ಮೋಸಹೋದವಳು ನಾನು, ಅಮ್ಮನ ಹೊಸ ಸೀರೆ ಕಣ್ಣಮುಂದೆ ಬಂತು. ನಸೀಮಾಗೆ ಫೋನ್ ಮಾಡಿ ಬೇಡಿಕೊಂಡೆ. ಆ ತಾಯಿ ಆಟೋ ಮಾಡಿಕೊಂಡು, ಮುರಿದ ಕಾಲು ಎಳೆದುಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ಮತ್ತೆ ಫೋನ್ ಮಾಡಿ, "ಎದುರಿಗೇ ಇದ್ದಾರಮ್ಮ, ಏನು ಹೇಳ್ಲಿ?" ಎಂದು ಪಿಸುಗುಟ್ಟಿದರು.

"ಈಗಲೇ ಏನೂ ಹೇಳ್ಬೇಡಿ ಕಣಮ್ಮ. ಮೂಗಿನ ತುದಿಗೆ ಒಂದು ಬೊಟ್ಟು ಆ ಸಿಮೆಂಟ್ ಇಟ್ಕೊಳ್ಳೋಕೆ ಹೇಳಿ. ಕಾಲು ಗಂಟೆ ಒರೆಸ್ಕೋಬಾರದು."

"ಏನಂದ್ಕೊಂಡಾರಮ್ಮ ಅವರು!"

"ಏನು ಬೇಕಾದ್ರೂ ಅಂದ್ಕೊಳ್ಲಿ."

ಆ ಕಡೆ ಏನೋ ಮಾತು, ಯಾರೋ ನಕ್ಕ ಸದ್ದು. ಆಮೇಲೆ ನಸೀಮಾ "ಇಟ್ಕೊಂಡ್ರು. ನನ್ನ ತಲೆಗೂ ಪೆಟ್ಟು ಬಿದ್ದಿದ್ಯಾ ಅಂತ ಕೇಳ್ತಿದ್ದಾರೆ" ಎಂದರು. ನಾನು ಪಟದ ಮುಂದೆ ನಿಂತೆ. ಸುದ್ದಿ ಅದು ಹೇಗೆ ಹಬ್ಬಿತೋ, ಕೆಂಪರಾಜು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಟವೆಲ್ ಸಮೇತ ಕರೆದುಕೊಂಡೇ ಬಂದ. ಸಾವಂತ್ರಮ್ಮ ಹಾಲಿನ ಕ್ಯಾನ್ ಹೊಸ್ತಿಲಲ್ಲೇ ಇಟ್ಟು ಒಳಗೆ ನುಗ್ಗಿದಳು. ಕಾಲು ಗಂಟೆ ಎಲ್ಲರೂ ಆ ಮೂಗನ್ನೇ ನೋಡಿದೆವು. ಗೋಪಿಯ ಮೂಗು ಮೂಗಿನ ಹಾಗೇ ಇತ್ತು. ಮತ್ತೆ ಒಂದು ಗಾಜಿನ ಮುಂದೆ, ಮತ್ತೆ ಒಂದು ಪಟ ಬದಲಾಗಲೆಂದು ಕಾಯುತ್ತಾ ನಿಂತಿದ್ದೇನೆ ಅನ್ನಿಸಿತು. ಈ ಸಲ ಹಿಂದಿನಿಂದ ಶಿವಲೀಲಾ ನನ್ನ ಹೆಗಲು ಹಿಡಿದಿದ್ದಳು.

ಮೊದಲು ಕಂಡದ್ದು ಕೆಂಪರಾಜುವಿಗೆ. ಮುಖ ನೋಡುವುದೇ ಅವನ ಕೆಲಸ. "ಚಂದ್ರಕ್ಕಾ..." ಎಂದು ಬೆರಳು ಮಾಡಿ ತೋರಿಸಿದ. ಮೂಗಿನ ತುದಿಯಲ್ಲಿ ಮೊದಲು ಮಂಜಿನ ಹಾಗೆ, ಆಮೇಲೆ ಸ್ಪಷ್ಟವಾಗಿ, ಒಂದು ಬಿಳಿ ಬೊಟ್ಟು.

ಆಮೇಲಿನ ಗಲಾಟೆಯನ್ನು ನಾನು ಬರೆಯಲಾರೆ. ಅರ್ಧ ಗಡ್ಡದ ಗಿರಾಕಿ ಸಾವಂತ್ರಮ್ಮನನ್ನು ಎತ್ತಿ ಸುತ್ತಿಸಿದನಂತೆ, ಅವನ ಸೋಪಿನ ನೊರೆ ಎಲ್ಲರ ಮೈಗೂ ಹತ್ತಿತ್ತು. ನಾನು ಒಂದು ಕಿವಿ ಮುಚ್ಚಿಕೊಂಡು ಫೋನಿಗೆ ಕಿರುಚಿದೆ, ಅವನ ಕೈಗೆ ಕೊಡಿ ಎಂದು. ಒಂದು ಗಂಡಸಿನ ದನಿ ಬಂತು. ನಲವತ್ತಾರು ವರ್ಷ ನೋಡಿದ ಮುಖದ, ನಾನು ಎಂದೂ ಕೇಳದ ದನಿ.

"ಹಲೋ, ಯಾರಮ್ಮ ನೀವು? ನನ್ನ ಮೂಗಿನಿಂದ ನಿಮಗೇನಾಗ್ಬೇಕು?"

ಏನೇನೋ ಹೇಳಬೇಕೆಂದುಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೆ. "ನಿಮ್ಮ ಮನೇಲಿ ಪಟಗಳಿಗೆ ವಯಸ್ಸಾಗ್ತಿತ್ತು. ಜ್ಞಾಪಕ ಇದ್ಯಾ?"

ಆ ದೊಡ್ಡ ಗಂಡಸಿನ ದನಿ ಚಿಕ್ಕದಾಯಿತು.

"ಅಕ್ಕಾ... ಬದಲಾಯ್ತಾ?"

"ಇಲ್ಲ ಕಣೋ ಗೋಪಿ" ಎಂದೆ. "ಆ ಪಟ ಬದಲಾಗ್ಲೇ ಇಲ್ಲ."

ಅಲ್ಲಿಂದ ಕಾಲು ಗಂಟೆಯ ಮೇಲೆ ಪಟದಲ್ಲಿ ಅವನ ಕಣ್ಣು ಕೆಂಪಾಯಿತು, ಕೆನ್ನೆಯ ಬಿಳಿ ಪುಡಿಯ ಮೇಲೆ ಎರಡು ಗೆರೆ ಇಳಿದವು. ಬಾಯಿ ಮಾತ್ರ ಎಂದಿನ ಹಾಗೆ ನಗುತ್ತಿತ್ತು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಆ ನಗು ಆ ಮುಖಕ್ಕೆ ಒಪ್ಪುತ್ತಿದೆ ಅನ್ನಿಸಿತು.

ಗುರುವಾರ ಅವನು ಬಂದ, ಹೆಂಡತಿ ಕಾವೇರಿಯ ಜೊತೆಗೆ. ಊರಿಗೆ ಊರೇ ಕಮಾನು ಸೇತುವೆಯ ಮೇಲೆ ನಿಂತಿತ್ತು. ಅವತ್ತು ನಿಲ್ದಾಣದಲ್ಲಿ ಯಾವುದೋ ಬಸ್ಸಿನೊಳಗೆ ಅಮ್ಮ ಇದ್ದಾಳೆಂದು ಹತ್ತಿ ಕೂತನಂತೆ. ಮೂಳೆ ಆಸ್ಪತ್ರೆಯ ಕಾಂಪೌಂಡರ್ ಒಬ್ಬರು ಸಾಕಿದರಂತೆ. ಊರಿನ ಹೆಸರು ಹೇಳಿದರೆ ಅಂಥ ಊರು ಯಾವ ನಕಾಶೆಯಲ್ಲೂ ಇಲ್ಲ ಎಂದರಂತೆ. ನಮ್ಮ ಮನೆಯಲ್ಲಿ ಪಟಗಳಿಗೆ ವಯಸ್ಸಾಗುತ್ತದೆ ಎಂದರೆ ಹುಡುಗನಿಗೆ ತಲೆ ಸರಿಯಿಲ್ಲ ಎಂದರಂತೆ. ಹತ್ತು ವರ್ಷದವನಾಗುವಷ್ಟರಲ್ಲಿ ಹೇಳುವುದನ್ನೇ ಬಿಟ್ಟನಂತೆ. ಸ್ಟುಡಿಯೋಗೆ ಬಂದವನು ನನ್ನ ಕಡೆಯಾಗಲಿ, ಜನದ ಕಡೆಯಾಗಲಿ ನೋಡದೆ ನೇರವಾಗಿ ಗೋಡೆಯ ಮುಂದೆ ಹೋಗಿ, ಕುದುರೆಯ ಮೇಲೆ ಕೂತ ತನ್ನನ್ನೇ ನೋಡುತ್ತಾ ನಿಂತ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನೋಡ್ದೇನೇ, ನಾನು ಸುಳ್ಳು ಹೇಳ್ತಿರ್ಲಿಲ್ಲ" ಎಂದ.

ಶಿವಲೀಲಾ ಮೂಗು ಒರೆಸಿಕೊಂಡು ಮುಂದೆ ಬಂದಳು. "ಅಕ್ಕಾರ, 'ನಮ್ಮ ಬಗ್ಗೆ' ಪುಟಕ್ಕ ಇನ್ನೂ ಬಾಗಲದ್ದೇ ಫೋಟೋ ಐತಿ. ಇವತ್ತರ ಕೊಡ್ತೀರೋ ಇಲ್ಲೋ?" ಎಂದು ಜಬರಿಸಿದಳು. ಅಪ್ಪನ ಕ್ಯಾಮೆರಾ ಅವಳ ಕೈಗೆ ಕೊಟ್ಟೆ. ಒಳಗಿನಿಂದ ಎರಡು ಕುರ್ಚಿ ತಂದು ಹಾಕಿದರು. ಗೋಪಿ ಕುರ್ಚಿ ಬೇಡ, ಕುದುರೆ ಎಲ್ಲಿ ಎಂದ. ಅದು ಅಟ್ಟದ ಮೇಲಿತ್ತು, ಒಂದು ಕಿವಿ ಮುರಿದಿತ್ತು. ಅದರ ಮೇಲೆ ಕೂರಲು ಹೋಗಿ, ಅದು ಲಟಕ್ಕೆಂದಾಗ ಎಲ್ಲರ ನಗುವಿನ ನಡುವೆ ಕುರ್ಚಿಗೇ ಬಂದು ನನ್ನ ಪಕ್ಕದಲ್ಲಿ ಕೂತ. ನಾನು ನನ್ನ ಕೈ ಚಾಚಿದೆ. ಗಾರೆಯ ಹಾಗೆ ಒರಟಾಗಿದ್ದ ಅವನ ಕೈಯನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟು, ಬೆರಳಿಗೆ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದೆ.

"ನಗ್ರೀ" ಎಂದಳು ಶಿವಲೀಲಾ. ಇಬ್ಬರೂ ನಕ್ಕೆವು.

ಆ ಪಟ ಈಗ ಗೋಡೆಯ ನಡುವೆ ಇದೆ. ನನ್ನ ಕೂದಲು ಬೆಳ್ಳಗಾಗುತ್ತಿದೆ, ಅವನದೂ ಆಗುತ್ತಿದೆ. ಒಂಬತ್ತು ಗಂಟೆಗೆ ಪರದೆ ಸರಿಸಿದರೆ ಅವನ ಕನ್ನಡಕ ಶುಭ್ರವಾಗಿರುತ್ತದೆ, ಹತ್ತರ ಮೇಲೆ ಅದರ ತುಂಬ ಬಿಳಿ ಪುಡಿ. ಮುಂದೆ ಯಾವತ್ತೋ ಒಂದು ದಿನ ಇಬ್ಬರ ಮುಖವೂ ನಿಲ್ಲುತ್ತದೆ, ಅದಕ್ಕೆ ನನಗೆ ಬೇಸರವಿಲ್ಲ. ನಮ್ಮೂರಿನ ಪಟದಲ್ಲಿ ಭಂಗಿ ಬದಲಾಗುವುದಿಲ್ಲ. ನಾನು ಅವನ ಕೈ ಹಿಡಿದುಕೊಂಡೇ ಇರುತ್ತೇನೆ.